ಅರ್ಧಸತ್ಯವೂ ಶ್ರಾವಕನ ಸತ್ಯಾಣುವ್ರತವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

   

ಶಿಲ್ಪಿಯ ಉಳಿಯಿಂದ ರೂಪುಗೊಂಡ ಶಿಲೆಯೊಂದು ಈ ಉತ್ಸವದ ದಿನಗಳಲ್ಲಿ ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷಗಳೆಂಬ ಐದು ಕಲ್ಯಾಣಗಳ ವಿಧಿಯನ್ನು ಪಡೆದು ಜಿನಬಿಂಬವಾಗುತ್ತದೆ. ಅನಂತರ ಅದನ್ನು ಯಾರೂ ಕಲ್ಲೆಂದು ಕರೆಯುವುದಿಲ್ಲ. ಭಗವಾನ್ ಆದಿನಾಥ ಸ್ವಾಮಿ, ಭಗವಾನ್ ಪಾರ್ಶ್ವನಾಥ ಸ್ವಾಮಿ ಎಂದೇ ಕರೆದು ಕೈಮುಗಿಯುತ್ತಾರೆ. ತಾಯಿಯ ಮಗ್ಗುಲಲ್ಲಿ ನಿಂತ ಮಗುವೊಂದು “ಅಮ್ಮಾ, ಇದು ಕಲ್ಲಲ್ಲವೇ? ಇದನ್ನು ಸ್ವಾಮಿ ಎಂದರೆ ಸುಳ್ಳಾಗುವುದಿಲ್ಲವೇ?” ಎಂದು ಕೇಳಿದರೆ ಆ ತಾಯಿ ಏನು ಹೇಳಬೇಕು?

ಪೂರ್ವಾಚಾರ್ಯರು ಇದಕ್ಕೆ ಉತ್ತರವನ್ನು ಸಿದ್ಧವಾಗಿಯೇ ಇಟ್ಟಿದ್ದಾರೆ. ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಸತ್ಯವಚನವನ್ನು ಹತ್ತು ಬಗೆಯಾಗಿ ಎಣಿಸಿದ್ದಾರೆ. ಜನಪದ, ಸಮ್ಮತಿ, ಸ್ಥಾಪನಾ, ನಾಮ, ರೂಪ, ಪ್ರತೀತ್ಯ, ವ್ಯವಹಾರ, ಸಂಭಾವನಾ, ಭಾವ, ಉಪಮಾ ಎಂಬವು ಆ ಹತ್ತು. ಪ್ರತಿಮೆಯನ್ನು ಭಗವಂತನೆಂದು ಕರೆಯುವುದು ಇವುಗಳಲ್ಲಿ ಸ್ಥಾಪನಾಸತ್ಯ. ಒಲೆಗೆ ಸೌದೆಯನ್ನು ಒಟ್ಟುತ್ತಿರುವಾಗಲೇ “ಅನ್ನ ಮಾಡುತ್ತಿದ್ದೇನೆ” ಎನ್ನುವುದು ವ್ಯವಹಾರಸತ್ಯ. ಒಂದು ಕೋಲನ್ನು ಅದಕ್ಕಿಂತ ಗಿಡ್ಡವಾದ ಕೋಲಿನ ಪಕ್ಕದಲ್ಲಿಟ್ಟು “ಇದು ಉದ್ದ” ಎನ್ನುವುದು ಪ್ರತೀತ್ಯಸತ್ಯ. ಇವುಗಳಲ್ಲಿ ಯಾವುದೂ ವಸ್ತುವಿನ ಪೂರ್ಣ ವರ್ಣನೆಯಲ್ಲ. ಎಲ್ಲವೂ ಒಂದು ಅಂಶವನ್ನು ಮಾತ್ರ ಹೇಳುತ್ತವೆ. ಆದರೂ ಇವು ಸತ್ಯವೆನಿಸಿಕೊಂಡವು. ಏಕೆಂದರೆ ಕೇಳುವವನು ಇವುಗಳಿಂದ ಮೋಸಹೋಗುವುದಿಲ್ಲ. ಪ್ರತಿಮೆಗೆ ಕೈಮುಗಿಯುವ ಶ್ರಾವಕನಿಗೆ ಅದು ಶಿಲೆಯೆಂಬುದು ಗೊತ್ತಿದೆ, ಅದರಲ್ಲಿ ಯಾರ ಗುಣಗಳನ್ನು ಸ್ಥಾಪಿಸಿದೆಯೆಂಬುದೂ ಗೊತ್ತಿದೆ.

ಅಂಶಮಾತ್ರದ ಸತ್ಯವು ಹೀಗೆ ನಿರ್ದೋಷವಾಗಿರಬಹುದು. ಆದರೆ ಅಂಶಮಾತ್ರದ ಸತ್ಯದಿಂದಲೇ ಒಬ್ಬನ ಮನೆಯನ್ನು ಹಾಳುಮಾಡಲೂ ಬರುತ್ತದೆ. ಹೇಳಿದ ಒಂದೊಂದು ಮಾತೂ ನಿಜವಾಗಿದ್ದು, ಕೇಳಿದವನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಸುಳ್ಳಾಗಿರುವ ಸಂದರ್ಭಗಳು ಅಂಗಡಿಯಲ್ಲಿ, ಮನೆಯಲ್ಲಿ, ಸಭೆಯಲ್ಲಿ ನಿತ್ಯವೂ ಒದಗುತ್ತವೆ. ಇಂತಹ ಮಾತಿಗೆ ಲೋಕರೂಢಿಯಲ್ಲಿ ಅರ್ಧಸತ್ಯವೆಂದು ಹೆಸರು. ಶ್ರಾವಕನ ಸತ್ಯಾಣುವ್ರತದಲ್ಲಿ ಇದಕ್ಕೆ ಯಾವ ಸ್ಥಾನವಿದೆ ಎಂಬುದೇ ಇಲ್ಲಿಯ ವಿಷಯ.

ಆಗಮವು ಮಾತನ್ನು ನಾಲ್ಕು ಬಗೆಯಾಗಿ ವಿಭಾಗಿಸಿದೆ: ಸತ್ಯ, ಅಸತ್ಯ, ಉಭಯ ಮತ್ತು ಅನುಭಯ. ಉಭಯವೆಂದರೆ ಸತ್ಯವೂ ಅಸತ್ಯವೂ ಬೆರೆತ ಮಾತು. ಇದಕ್ಕೆ ಸತ್ಯಮೃಷಾ ಎಂಬ ಹೆಸರೂ ಉಂಟು. ಕಮಂಡಲುವನ್ನು ತೋರಿಸಿ ಬಿಂದಿಗೆ ಎಂದಂತೆ ಎಂದು ವ್ಯಾಖ್ಯಾನಕಾರರು ಉದಾಹರಣೆ ಕೊಡುತ್ತಾರೆ. ನೀರು ಹಿಡಿಯುವ ಕೆಲಸದಿಂದ ಅದು ಬಿಂದಿಗೆ ಹೌದು, ಆಕಾರದಿಂದ ಅಲ್ಲ. ಅನುಭಯವೆಂದರೆ ಸತ್ಯವೂ ಅಲ್ಲದ ಅಸತ್ಯವೂ ಅಲ್ಲದ ಮಾತು. “ಇತ್ತ ಬಾ”, “ಅದನ್ನು ಕೊಡು” ಎಂಬಂತಹ ಕರೆಯುವ, ಬೇಡುವ ಮಾತುಗಳು ಆ ಜಾತಿಗೆ ಸೇರಿದವು.

ಈ ನಾಲ್ಕರಲ್ಲಿ ಭಾಷಾಸಮಿತಿಯನ್ನು ಪಾಲಿಸುವ ಮುನಿಗೆ ಮೂಲಾಚಾರವು ಅನುಮತಿಸಿರುವುದು ಎರಡನ್ನು ಮಾತ್ರ, ಸತ್ಯ ಮತ್ತು ಅನುಭಯವನ್ನು. ಅಸತ್ಯವನ್ನು ಬಿಡಬೇಕೆಂಬುದು ಯಾರಿಗೂ ಗೊತ್ತಿರುವ ಮಾತು. ಆದರೆ ಉಭಯವನ್ನು ಸತ್ಯದ ಸಾಲಿನಲ್ಲಿ ಅಲ್ಲ, ಅಸತ್ಯದ ಜೊತೆಯಲ್ಲಿಯೇ ಬಿಡತಕ್ಕದ್ದೆಂದು ಇಟ್ಟಿರುವುದನ್ನು ಗಮನಿಸಬೇಕು. ಅರ್ಧ ಹಾಲು ಅರ್ಧ ವಿಷ ಬೆರೆತ ಬಟ್ಟಲನ್ನು ಅರ್ಧ ಹಾಲಿದೆಯೆಂಬ ಕಾರಣಕ್ಕೆ ಯಾರೂ ಕುಡಿಯುವುದಿಲ್ಲವಷ್ಟೆ. ಈ ಗೊಮ್ಮಟಸಾರಕ್ಕೆ ಕೇಶವವರ್ಣಿಗಳು 14ನೆಯ ಶತಮಾನದಲ್ಲಿಯೇ ಕನ್ನಡದಲ್ಲಿ ವೃತ್ತಿಯನ್ನು ಬರೆದರು. ಈ ವಿಚಾರ ಕನ್ನಡದ ಶ್ರಾವಕರಿಗೆ ಇಂದು ನಿನ್ನೆ ಬಂದುದಲ್ಲ.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಜೈನದರ್ಶನವು ಅನೇಕಾಂತವಾದಿ. ಯಾವ ಮಾತೂ ವಸ್ತುವನ್ನು ಪೂರ್ಣವಾಗಿ ಹೇಳಲಾರದು, ಪ್ರತಿಯೊಂದು ಮಾತೂ ಒಂದು ನಯ ಮಾತ್ರ ಎಂಬುದು ಅದರ ಮೂಲ ಬೋಧೆ. ಹೀಗಿರುವಾಗ ಎಲ್ಲ ಸತ್ಯವೂ ಅರ್ಧಸತ್ಯವೇ ಆಗಲಿಲ್ಲವೇ? ಹಾಗಿದ್ದಲ್ಲಿ ವರ್ತಕನು ತನಗೆ ಅನುಕೂಲವಾದ ಅಂಶವನ್ನು ಹೇಳಿ ಉಳಿದುದನ್ನು ಬಿಟ್ಟರೆ ತಪ್ಪೇನು? “ಸ್ಯಾತ್” ಎಂಬ ಪದವನ್ನು ಹೀಗೆ ತನ್ನ ರಕ್ಷಣೆಗೆ ಗುರಾಣಿಯಾಗಿ ಹಿಡಿಯುವವರು ಸಮಾಜದಲ್ಲಿ ಇಲ್ಲದೆ ಇಲ್ಲ.

ಆದರೆ ಆಚಾರ್ಯರು ನಯಕ್ಕೂ ದುರ್ನಯಕ್ಕೂ ಗೆರೆ ಎಳೆದಿದ್ದಾರೆ. ನಯವು ತಾನು ಹೇಳಿದ ಅಂಶವನ್ನು ಮುಖ್ಯವಾಗಿಸಿ ಉಳಿದ ಅಂಶಗಳಿಗೆ ಬಾಗಿಲನ್ನು ತೆರೆದಿಡುತ್ತದೆ. ದುರ್ನಯವು ತಾನು ಹೇಳಿದ್ದೇ ಸರ್ವಸ್ವವೆಂದು ಉಳಿದುದನ್ನು ಅಲ್ಲಗಳೆಯುತ್ತದೆ. ಸ್ಯಾತ್ ಎಂಬ ಪದದ ಕೆಲಸವು “ಇದು ಒಂದು ದೃಷ್ಟಿಯಿಂದ ಹೇಳಿದ್ದು, ಇನ್ನೂ ಹೇಳುವುದಿದೆ” ಎಂದು ಕೇಳುವವನನ್ನು ಎಚ್ಚರಿಸುವುದು. ಮೋಸದ ಅರ್ಧಸತ್ಯದ ಕೆಲಸವು “ಇನ್ನು ಹೇಳುವುದೇನೂ ಇಲ್ಲ” ಎಂದು ಅವನನ್ನು ನಿದ್ರೆಗೊಳಿಸುವುದು. ಕೇಳುವವನ ಎಚ್ಚರದ ಮೇಲೆ ನಿಂತದ್ದು ಸ್ಯಾದ್ವಾದವಾದರೆ, ಅವನ ಮರೆವಿನ ಮೇಲೆ ನಿಂತದ್ದು ಅರ್ಧಸತ್ಯ.

ತತ್ತ್ವಾರ್ಥಸೂತ್ರವು ಅನೃತಕ್ಕೆ ಕೊಟ್ಟಿರುವ ಲಕ್ಷಣವನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರಮಾದದಿಂದ ಅಸತ್ತನ್ನು ನುಡಿಯುವುದೇ ಅನೃತವೆಂದು ಸೂತ್ರದ ತಾತ್ಪರ್ಯ. ಇಲ್ಲಿ ಅಸತ್ ಎಂದರೆ ಇಲ್ಲದ್ದು ಎಂದಷ್ಟೇ ಅರ್ಥವಲ್ಲ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಸತ್ ಎಂದರೆ ಪ್ರಶಸ್ತವಾದದ್ದು, ಅಸತ್ ಎಂದರೆ ಅಪ್ರಶಸ್ತವಾದದ್ದು, ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ಮಾತೇ ಅಪ್ರಶಸ್ತ ಎಂದು ವಿವರಿಸಿದ್ದಾರೆ. ಹಾಗಾದರೆ ಮಾತನ್ನು ಶಬ್ದಕೋಶದಿಂದ ಅಳೆದರೆ ಸಾಲದು. ಲೋಭ, ಮಾಯೆ ಮೊದಲಾದ ಕಷಾಯಗಳಿಂದ ಹುಟ್ಟಿ ಇನ್ನೊಬ್ಬರಿಗೆ ಕೇಡನ್ನು ತರುವ ಮಾತು ಅಕ್ಷರಶಃ ನಿಜವಾಗಿದ್ದರೂ ಅನೃತವೇ.

ಇನ್ನು ಶ್ರಾವಕನ ಸತ್ಯಾಣುವ್ರತಕ್ಕೆ ಬರೋಣ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ತಪ್ಪುದಾರಿಗೆ ಎಳೆಯುವ ಉಪದೇಶ ಮಾಡುವುದು ಮಿಥ್ಯೋಪದೇಶ. ಇತರರ ಏಕಾಂತದ ಸಂಗತಿಯನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ಕಪಟ ಪತ್ರವನ್ನು ಬರೆಯುವುದು ಕೂಟಲೇಖಕ್ರಿಯೆ. ಚಹರೆಯಿಂದ ಇತರರ ಆಂತರ್ಯವನ್ನು ಊಹಿಸಿ ಅದನ್ನು ಬಯಲುಮಾಡುವುದು ಸಾಕಾರಮಂತ್ರಭೇದ. ಐದನೆಯದಾದ ನ್ಯಾಸಾಪಹಾರವನ್ನು ವರ್ತಕನಾದ ಶ್ರಾವಕನು ಹತ್ತು ಸಲ ಓದಬೇಕು.

ನ್ಯಾಸವೆಂದರೆ ಒಬ್ಬನು ನಂಬಿ ಇಟ್ಟ ಅಡವು, ಠೇವಣಿ. ಅದನ್ನು ಇಲ್ಲವೆನ್ನುವುದು ನೇರವಾದ ಕಳ್ಳತನ. ಅದಕ್ಕೆ ಅತಿಚಾರವೆಂಬ ಸೌಮ್ಯವಾದ ಹೆಸರು ಬೇಕಿಲ್ಲ. ಪೂಜ್ಯಪಾದರು ಹೇಳಿರುವ ಸಂದರ್ಭವು ಅದಲ್ಲ. ಇಟ್ಟವನು ವರ್ಷಗಳ ಮೇಲೆ ಬರುತ್ತಾನೆ. ತಾನು ಇಟ್ಟ ದ್ರವ್ಯದ ಲೆಕ್ಕವನ್ನು ಅವನು ಮರೆತಿದ್ದಾನೆ. ಇಟ್ಟದ್ದಕ್ಕಿಂತ ಕಡಿಮೆಯನ್ನು ಕೇಳುತ್ತಾನೆ. ಇಟ್ಟುಕೊಂಡವನು “ಹಾಗೆಯೇ ಆಗಲಿ” ಎಂದು ಒಪ್ಪಿ ಕೇಳಿದಷ್ಟನ್ನು ಕೊಡುತ್ತಾನೆ.

ಈ ದೃಶ್ಯವನ್ನು ಕಣ್ಣೆದುರಿಗೆ ತಂದುಕೊಳ್ಳಬೇಕು. ವಯಸ್ಸಾದ ಹೆಣ್ಣುಮಗಳೊಬ್ಬಳು ಅಂಗಡಿಯ ಜಗಲಿಯ ಮೇಲೆ ಕುಳಿತಿದ್ದಾಳೆ. ಗಂಡ ತೀರಿಹೋಗಿದ್ದಾನೆ. “ಅಣ್ಣಾ, ಅವರು ನಿಮ್ಮಲ್ಲಿ ಎಂಟು ಸಾವಿರ ಇಟ್ಟಿದ್ದರಂತಲ್ಲ, ಮಗಳ ಮದುವೆಗೆ ಬೇಕಾಗಿತ್ತು” ಎನ್ನುತ್ತಾಳೆ. ವರ್ತಕನು ಹಳೆಯ ಖಾತೆಯನ್ನು ತೆರೆಯುತ್ತಾನೆ. ಪುಟದಲ್ಲಿ ಇರುವುದು ಹನ್ನೆರಡು ಸಾವಿರ. ಅವನು ಪುಸ್ತಕವನ್ನು ಮುಚ್ಚಿ, “ಹೌದಮ್ಮಾ, ಇಟ್ಟಿದ್ದರು. ನಿಮ್ಮ ಹಣ ನಿಮಗೆ ಯಾವಾಗಲೂ ಸಿದ್ಧ” ಎಂದು ಎಂಟು ಸಾವಿರವನ್ನು ಎಣಿಸಿಕೊಡುತ್ತಾನೆ. ಆಕೆ ಕಣ್ಣೀರು ತುಂಬಿ ಕೈಮುಗಿಯುತ್ತಾಳೆ. ಊರಿನಲ್ಲಿ ಅವನ ಪ್ರಾಮಾಣಿಕತೆಯನ್ನು ಹೊಗಳುತ್ತಾಳೆ.

ಅವನು ಹೇಳಿದ ಮಾತುಗಳಲ್ಲಿ ಸುಳ್ಳು ಎಲ್ಲಿದೆ? ಹಣ ಇಟ್ಟಿದ್ದುದು ನಿಜ. ಆಕೆಗೆ ಸಲ್ಲಬೇಕಾದುದು ನಿಜ. ಎಂಟು ಸಾವಿರವು ಹನ್ನೆರಡು ಸಾವಿರದೊಳಗೆ ಅಡಗಿರುವುದೂ ನಿಜವೇ. ಆದರೂ ನಾಲ್ಕು ಸಾವಿರ ರೂಪಾಯಿ ಅವನ ಪೆಟ್ಟಿಗೆಯಲ್ಲಿ ಉಳಿಯಿತು, ಅದರ ಮೇಲೆ ಆಕೆಯ ಆಶೀರ್ವಾದವೂ ಸಂದಿತು. ಸುಳ್ಳುಗಾರನೆಂಬ ಹೆಸರು ಬಾರದಂತೆ ಸುಳ್ಳಿನ ಲಾಭವನ್ನು ಪಡೆಯುವುದೇ ಅರ್ಧಸತ್ಯದ ಉಪಯೋಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಇದಕ್ಕೆ ತಕ್ಕದ್ದಾಗಿದೆ. ಈ ಒಂದು “ಹೌದಮ್ಮಾ”ದೊಳಗಿನ ಕಳ್ಳನನ್ನು ಆಚಾರ್ಯರು ಹದಿನೈದು ಶತಮಾನಗಳ ಹಿಂದೆಯೇ ಹಿಡಿದು ನಿಲ್ಲಿಸಿದರೆಂಬುದು ಆಶ್ಚರ್ಯವೂ ಹೌದು, ಎಚ್ಚರಿಕೆಯೂ ಹೌದು.

ಹೆಸರಿನ ಮರೆಯಲ್ಲಿ ನಡೆಯುವ ಮೋಸಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸತ್ಯಘೋಷನನ್ನು ಉದಾಹರಿಸಿದೆ. ಸಿಂಹಪುರದ ಪುರೋಹಿತನಾದ ಶ್ರೀಭೂತಿಯು ಜನಿವಾರಕ್ಕೆ ಒಂದು ಚೂರಿಯನ್ನು ಕಟ್ಟಿಕೊಂಡು, ತಾನು ಸುಳ್ಳಾಡಿದರೆ ನಾಲಗೆಯನ್ನು ಕತ್ತರಿಸಿಕೊಳ್ಳುವುದಾಗಿ ಸಾರಿದ್ದನು. ಜನರು ಅವನಿಗೆ ಸತ್ಯಘೋಷನೆಂದು ಬಿರುದಿತ್ತರು. ದೂರದೇಶಕ್ಕೆ ಹೊರಟ ವರ್ತಕನೊಬ್ಬನು ತನ್ನ ರತ್ನಗಳನ್ನು ಅವನಲ್ಲಿಟ್ಟು ಹೋದನು. ಮರಳುವಾಗ ಹಡಗು ಒಡೆಯಿತು. ಸರ್ವಸ್ವವನ್ನೂ ಕಳೆದುಕೊಂಡ ವರ್ತಕನು ಬರುತ್ತಿರುವುದನ್ನು ದೂರದಿಂದಲೇ ಕಂಡ ಸತ್ಯಘೋಷನು, ಇವನಿಗೆ ಹಣ ಹೋಗಿ ಬುದ್ಧಿಭ್ರಮಣೆಯಾಗಿದೆ, ತನ್ನಲ್ಲಿ ಬಂದು ರತ್ನಗಳನ್ನು ಕೇಳುತ್ತಾನೆ, ನೋಡಿ ಎಂದು ಸುತ್ತಲಿದ್ದವರಿಗೆ ಮೊದಲೇ ಹೇಳಿಟ್ಟನು. ವರ್ತಕನ ಹಣ ಹೋದುದು ನಿಜ. ಅವನು ದುಃಖದಿಂದ ಕಂಗೆಟ್ಟಿದ್ದುದು ನಿಜ. ರತ್ನಗಳನ್ನು ಕೇಳುತ್ತಾನೆಂಬುದೂ ನಿಜ. ಮೂರು ನಿಜಗಳ ನಡುವೆ ಒಂದು ಸುಳ್ಳನ್ನು ಹೂತಿಟ್ಟುದರಿಂದ ಊರೆಲ್ಲ ವರ್ತಕನನ್ನೇ ಹುಚ್ಚನೆಂದಿತು. ಕೊನೆಗೆ ರಾಣಿ ರಾಮದತ್ತೆಯು ಪಗಡೆಯಾಟದಲ್ಲಿ ಪುರೋಹಿತನ ಉಂಗುರವನ್ನೂ ಜನಿವಾರವನ್ನೂ ಗೆದ್ದು, ಅವುಗಳ ಗುರುತಿನಿಂದ ಅವನ ಹೆಂಡತಿಯ ಬಳಿಯಿದ್ದ ರತ್ನಗಳನ್ನು ತರಿಸಿದಳು. ಆ ರತ್ನಗಳನ್ನು ಬೇರೆ ರತ್ನಗಳ ರಾಶಿಯಲ್ಲಿ ಬೆರೆಸಿ ಮುಂದಿಟ್ಟಾಗ ವರ್ತಕನು ತನ್ನವನ್ನು ಮಾತ್ರ ಆರಿಸಿಕೊಂಡನು. ಹುಚ್ಚನೆನಿಸಿಕೊಂಡವನು ತನ್ನದಲ್ಲದ ಒಂದು ಕಲ್ಲನ್ನೂ ಮುಟ್ಟಲಿಲ್ಲ. ಸತ್ಯದ ಬಿರುದು ಹೊತ್ತವನು ರಾಜದಂಡನೆಗೆ ಗುರಿಯಾದನು.

ವಸುರಾಜನ ಕಥೆಯೂ ಇದೇ ಬಗೆಯದು. ಸ್ಫಟಿಕದ ಆಧಾರದ ಮೇಲಿದ್ದ ಅವನ ಸಿಂಹಾಸನವು ನೋಡುವವರಿಗೆ ಆಕಾಶದಲ್ಲಿ ನಿಂತಂತೆ ಕಾಣುತ್ತಿತ್ತು. ಸತ್ಯದ ಬಲದಿಂದಲೇ ಅದು ತೇಲುತ್ತಿದೆಯೆಂದು ಜನರು ನಂಬಿದ್ದರು, ಅರಸನು ಆ ನಂಬಿಕೆಯನ್ನು ತಿದ್ದಲಿಲ್ಲ. ಯಜ್ಞದಲ್ಲಿ ಬಳಸಬೇಕಾದ “ಅಜ” ಎಂದರೆ ಮೊಳೆಯದ ಮೂರು ವರ್ಷದ ಹಳೆಯ ಧಾನ್ಯವೆಂದು ನಾರದನೂ, ಆಡೆಂದು ಪರ್ವತನೂ ವಾದಿಸಿ ಅವನ ಬಳಿಗೆ ಬಂದರು. ಗುರುವು ಧಾನ್ಯವೆಂದೇ ಕಲಿಸಿದ್ದುದು ವಸುವಿಗೆ ತಿಳಿದಿತ್ತು. ಆದರೂ ಗುರುಪತ್ನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಪರ್ವತನ ಪರವಾಗಿ ನುಡಿದನು. ಅಜವೆಂಬ ಪದಕ್ಕೆ ಆಡು ಎಂಬ ಅರ್ಥ ಲೋಕದಲ್ಲಿ ಇಲ್ಲದೆ ಇಲ್ಲ. ಆದರೆ ಆ ಎರಡರ್ಥದ ಪದದಿಂದ ಪ್ರಾಣಿಹಿಂಸೆಗೆ ದಾರಿಯಾಯಿತು. ಸಿಂಹಾಸನವು ನೆಲಕ್ಕೆ ಕುಸಿಯಿತು. ಮಹಾಭಾರತದಲ್ಲಿ ಅಶ್ವತ್ಥಾಮನೆಂಬ ಆನೆಯ ಸಾವನ್ನು ದ್ರೋಣನ ಮಗನ ಸಾವೆಂದು ತಿಳಿಯುವಂತೆ ನುಡಿದ ಧರ್ಮರಾಜನ ರಥವೂ ನೆಲವನ್ನು ಮುಟ್ಟಿತೆಂದು ಹೇಳುತ್ತಾರೆ. ಎರಡು ಪರಂಪರೆಗಳಲ್ಲಿಯೂ ಮೇಲಿದ್ದವನು ಕೆಳಗಿಳಿದುದು ಇಂತಹ ಮಾತಿನಿಂದಲೇ.

ಇವು ಪುರಾಣದ ಮಾತುಗಳು, ಇಂದಿನ ವ್ಯವಹಾರದಲ್ಲಿ ಇವಕ್ಕೆ ಬೆಲೆಯೇನು ಎನ್ನುವವರಿಗೆ ಲಂಡನ್ ನಗರದ ನ್ಯಾಯಾಲಯದಲ್ಲಿ 1931ರಲ್ಲಿ ತೀರ್ಮಾನವಾದ ಮೊಕದ್ದಮೆಯೊಂದನ್ನು ಹೇಳಬಹುದು. ರಾಯಲ್ ಮೇಲ್ ಎಂಬ ಹಡಗು ಕಂಪನಿಯ ಅಧ್ಯಕ್ಷನಾಗಿದ್ದ ಲಾರ್ಡ್ ಕಿಲ್ಸಂಟ್ ಎಂಬಾತನು 1928ರಲ್ಲಿ ಸಾರ್ವಜನಿಕರಿಂದ ಸಾಲಪತ್ರಗಳ ಮೂಲಕ 20 ಲಕ್ಷ ಪೌಂಡುಗಳನ್ನು ಎತ್ತಲು ಒಂದು ವಿವರಣಪತ್ರವನ್ನು ಹೊರಡಿಸಿದನು. ಹಿಂದಿನ ವರ್ಷಗಳಲ್ಲಿ ಕಂಪನಿಯು ಷೇರುದಾರರಿಗೆ ಇಷ್ಟಿಷ್ಟು ಲಾಭಾಂಶವನ್ನು ಹಂಚಿದೆಯೆಂದು ಅದರಲ್ಲಿತ್ತು. ಹಂಚಿದ್ದುದು ನಿಜವೇ. ಹೇಳದೆ ಉಳಿದದ್ದು ಬೇರೆ. 1921ರಿಂದ ಕಂಪನಿಯು ವ್ಯಾಪಾರದಲ್ಲಿ ನಷ್ಟವನ್ನೇ ಅನುಭವಿಸುತ್ತಿತ್ತು. ಹಂಚಿದ ಹಣವು ಒಂದನೆಯ ಮಹಾಯುದ್ಧದ ಕಾಲದ ಭಾರಿ ಗಳಿಕೆಯಿಂದ ಕೂಡಿಟ್ಟ ನಿಧಿಯಿಂದ ಬಂದುದಾಗಿತ್ತು. ಓದಿದವರು ಕಂಪನಿಯು ಈಗಲೂ ಗಳಿಸುತ್ತಿದೆಯೆಂದು ತಿಳಿದು ಹಣ ಕೊಟ್ಟರು.

ಪತ್ರದಲ್ಲಿದ್ದ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲವೆಂಬುದು ವಾದವಾಗಿತ್ತು. ವಾರ್ಷಿಕ ಲೆಕ್ಕಪತ್ರಗಳ ಬಗೆಗಿನ ಆರೋಪಗಳಿಂದ ಕಿಲ್ಸಂಟನು ಬಿಡುಗಡೆ ಹೊಂದಿದನು. ಆದರೆ ವಿವರಣಪತ್ರದ ಆರೋಪದಲ್ಲಿ ಅಪರಾಧಿಯೆಂದು ಹನ್ನೆರಡು ತಿಂಗಳ ಸೆರೆವಾಸವಾಯಿತು. ಮೇಲ್ಮನವಿಯೂ ವಜಾ ಆಯಿತು. ಬಿಡಿಬಿಡಿಯಾಗಿ ನಿಜವಾದ ಮಾತುಗಳನ್ನು ಜೋಡಿಸಿದ ರೀತಿಯಿಂದಲೂ ಬಿಟ್ಟ ಸಂಗತಿಯಿಂದಲೂ ಇಡೀ ಪತ್ರವೇ ಸುಳ್ಳಾಗಬಲ್ಲದೆಂಬ ತತ್ತ್ವವನ್ನು ಆ ನ್ಯಾಯಾಲಯವು ಎತ್ತಿಹಿಡಿಯಿತು. ಭಾರತದ 2013ರ ಕಂಪನಿ ಕಾಯ್ದೆಯೂ ವಿವರಣಪತ್ರದಲ್ಲಿ ಸುಳ್ಳು ಹೇಳುವುದನ್ನು ಮಾತ್ರವಲ್ಲದೆ, ದಾರಿ ತಪ್ಪಿಸುವಂತೆ ಸಂಗತಿಯನ್ನು ಬಿಡುವುದನ್ನೂ ಅಪರಾಧವೆಂದೇ ಎಣಿಸಿದೆ.

ದೊಡ್ಡ ಕಂಪನಿಯ ಮಾತು ಹಾಗಿರಲಿ. ಬೀದಿಯ ಅಂಗಡಿಯಲ್ಲಿ ನಡೆಯುವುದೇನು? ಕಾಳುಮೆಣಸಿನ ಮೂಟೆಯ ಬಾಯಲ್ಲಿ ಗಟ್ಟಿಕಾಳು, ತಳದಲ್ಲಿ ಜೊಳ್ಳು. “ನೀವೇ ಕೈಹಾಕಿ ನೋಡಿಕೊಳ್ಳಿ” ಎನ್ನುವ ಮಾತಿನಲ್ಲಿ ಸುಳ್ಳಿಲ್ಲ, ಕೈ ತಳಕ್ಕೆ ಹೋಗುವುದಿಲ್ಲವಷ್ಟೆ. ಬಟ್ಟೆಯಂಗಡಿಯ ಮುಂದೆ ಶೇಕಡಾ 50 ರಿಯಾಯಿತಿ ಎಂಬ ದೊಡ್ಡ ಫಲಕವಿರುತ್ತದೆ. ಪಕ್ಕದಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರಗಳಲ್ಲಿ “ವರೆಗೆ” ಎಂದಿರುತ್ತದೆ. ಆ ಒಂದು ಪದವು ಫಲಕವನ್ನು ನಿಜವಾಗಿಸುತ್ತದೆ, ಅದರ ಗಾತ್ರವು ಫಲಕವನ್ನು ಮೋಸವಾಗಿಸುತ್ತದೆ. ಅಡುಗೆಯೆಣ್ಣೆಯ ಡಬ್ಬಿಯ ಮೇಲೆ ಕೊಲೆಸ್ಟರಾಲ್ ಇಲ್ಲವೆಂದು ಹೊಗಳಿಕೊಂಡಿರುತ್ತದೆ. ನಿಜ. ಆದರೆ ಗಿಡಮರಗಳಿಂದ ತೆಗೆದ ಯಾವ ಎಣ್ಣೆಯಲ್ಲಿಯೂ ಅದು ಇಲ್ಲವೆನ್ನುವಷ್ಟು ಅಲ್ಪ. ಎಲ್ಲದರಲ್ಲಿಯೂ ಇರುವ ಗುಣವನ್ನು ತನ್ನೊಂದರ ಗುಣವೆಂಬಂತೆ ಹೇಳುವುದು ಸತ್ಯದ ದುರುಪಯೋಗ.

ಬಡ್ಡಿಯ ವ್ಯವಹಾರದಲ್ಲಿ ಲೆಕ್ಕವೇ ಸಾಕ್ಷಿ ಹೇಳುತ್ತದೆ. 12,000 ರೂಪಾಯಿ ಸಾಲ, ಹನ್ನೆರಡು ತಿಂಗಳ ಕಂತು, ಬಡ್ಡಿ ಶೇಕಡಾ 10 ಮಾತ್ರ ಎನ್ನುತ್ತಾರೆ. ಸಾಲಗಾರನು ತಿಂಗಳಿಗೆ 1,000 ರೂಪಾಯಿ ಅಸಲನ್ನೂ 100 ರೂಪಾಯಿ ಬಡ್ಡಿಯನ್ನೂ ಕಟ್ಟುತ್ತಾನೆ. ವರ್ಷಕ್ಕೆ ಬಡ್ಡಿ 1,200 ರೂಪಾಯಿ. 12,000ಕ್ಕೆ ಶೇಕಡಾ 10 ಸರಿಯಾಗಿಯೇ ಇದೆ. ಆದರೆ ಅಸಲು ತಿಂಗಳು ತಿಂಗಳಿಗೂ ಕರಗುತ್ತಿರುವುದರಿಂದ ವರ್ಷದಲ್ಲಿ ಸರಾಸರಿ ಅವನ ಕೈಯಲ್ಲಿದ್ದ ಸಾಲ 6,500 ರೂಪಾಯಿ ಮಾತ್ರ. ಅದರ ಮೇಲೆ 1,200 ಎಂದರೆ ಬಡ್ಡಿಯ ದರ ಶೇಕಡಾ 18ನ್ನು ದಾಟಿತು. ಹತ್ತು ಎಂಬುದೂ ಸುಳ್ಳಲ್ಲ. ಆದರೆ ಸಾಲಗಾರನು ಹತ್ತೆಂದು ತಿಳಿದು ಹದಿನೆಂಟನ್ನು ಕಟ್ಟಿದನು. ಅಚೌರ್ಯಾಣುವ್ರತದಲ್ಲಿ ಕೊಡುವಾಗ ಕಡಿಮೆ ತೂಗಿ ಕೊಳ್ಳುವಾಗ ಹೆಚ್ಚು ತೂಗುವುದಕ್ಕೆ ಹೀನಾಧಿಕಮಾನೋನ್ಮಾನವೆಂದು ಹೆಸರು. ಅರ್ಧಸತ್ಯವೆಂದರೆ ಮಾತಿನ ತಕ್ಕಡಿಯಲ್ಲಿ ನಡೆಯುವ ಅದೇ ಅತಿಚಾರ. ಬಟ್ಟುಗಳಿಗೆ ಸರ್ಕಾರದವರು ಮುದ್ರೆ ಹಾಕುತ್ತಾರೆ. ಮಾತಿಗೆ ಮುದ್ರೆ ಹಾಕುವವನು ಶ್ರಾವಕನ ಅಂತರಾತ್ಮನೊಬ್ಬನೇ.

ರಾಜಶಾಸನವು ಈ ವಿಷಯದಲ್ಲಿ ಸುಮ್ಮನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮರೆಮಾಡುವ ಜಾಹೀರಾತನ್ನು ದಾರಿತಪ್ಪಿಸುವ ಜಾಹೀರಾತುಗಳಲ್ಲಿ ಸೇರಿಸಿ, 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಮಾಡಿದೆ. ತಪ್ಪು ಮರುಕಳಿಸಿದರೆ ದಂಡವು 50 ಲಕ್ಷದವರೆಗೆ ಹೋಗಬಹುದು. ಸಾಕ್ಷಿಕಟ್ಟೆಯನ್ನು ಏರುವವನು ಸತ್ಯವನ್ನು, ಪೂರ್ಣ ಸತ್ಯವನ್ನು, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲವೆಂದು ಪ್ರಮಾಣ ಮಾಡಬೇಕೆಂಬುದು 1969ರ ಪ್ರಮಾಣ ಕಾಯ್ದೆಯ ನಿಯಮ. ಸತ್ಯವನ್ನು ಹೇಳುತ್ತೇನೆಂದರೆ ಸಾಲದೆ, ಪೂರ್ಣ ಸತ್ಯವೆಂದು ಮತ್ತೊಮ್ಮೆ ಹೇಳಿಸುವುದು ಸುಮ್ಮನೆ ಅಲ್ಲ.

ಆದರೂ ಕಾನೂನಿಗೂ ವ್ರತಕ್ಕೂ ಅಂತರವಿದೆ. 1872ರ ಕರಾರು ಕಾಯ್ದೆಯ 17ನೆಯ ಕಲಮಿನಲ್ಲಿ ಕುದುರೆಯೊಂದರ ಮಾರಾಟದ ನಿದರ್ಶನಗಳಿವೆ. ಕುದುರೆಗೆ ದೋಷವಿದೆಯೆಂದು ತಿಳಿದೂ ಮಾರುವವನು ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. “ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಬಾಯಿಮುಚ್ಚಿಕೊಂಡಿದ್ದರೆ, ಆ ಮೌನವು ಮಾತಿಗೆ ಸಮಾನ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ, ಅವಳು ಕೇಳದಿದ್ದರೂ ದೋಷವನ್ನು ಹೇಳುವುದು ತಂದೆಯ ಕರ್ತವ್ಯ. ಕಾನೂನು ಇಲ್ಲಿಗೆ ನಿಲ್ಲುತ್ತದೆ. ಅಣುವ್ರತವು ಇಲ್ಲಿಂದ ಮುಂದೆ ನಡೆಯುತ್ತದೆ. ಅಂಗಡಿಯ ಮೆಟ್ಟಿಲೇರಿದ ಪ್ರತಿಯೊಬ್ಬರನ್ನೂ ಆ ಮಗಳ ಸ್ಥಾನದಲ್ಲಿಟ್ಟು ನೋಡಬೇಕೆಂಬುದೇ ವ್ರತದ ಅಪೇಕ್ಷೆ.

ಹಾಗೆಂದು ತಿಳಿದುದನ್ನೆಲ್ಲ ಎಲ್ಲರ ಮುಂದೆ ಹೇಳಿಬಿಡಬೇಕೆಂದು ಅರ್ಥವಲ್ಲ. ಇತರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಶ್ರಾವಕನು ನುಡಿಯಬಾರದೆಂದು ಸಮಂತಭದ್ರಾಚಾರ್ಯರೇ ಹೇಳಿದ್ದಾರೆ. ಜಿಂಕೆ ಯಾವ ಕಡೆಗೆ ಓಡಿತೆಂದು ಬೇಡನು ಕೇಳಿದಾಗ ಮೌನವಾಗಿರುವುದೇ ಧರ್ಮ. ನೆರೆಮನೆಯ ಗುಟ್ಟನ್ನು ಬಯಲುಮಾಡುವುದು ರಹೋಭ್ಯಾಖ್ಯಾನವೆಂಬ ಅತಿಚಾರ. ಆದ್ದರಿಂದ ಮೌನವನ್ನು ಪರೀಕ್ಷಿಸುವ ಒರೆಗಲ್ಲು ಒಂದೇ. ಈ ಮೌನದಿಂದ ಯಾರಿಗೆ ರಕ್ಷಣೆ? ಇನ್ನೊಂದು ಜೀವಕ್ಕೆ ರಕ್ಷಣೆಯಾದರೆ ಅದು ಅಹಿಂಸೆ. ತನ್ನ ಲಾಭಕ್ಕೆ ರಕ್ಷಣೆಯಾದರೆ ಅದು ಮಾಯಾಕಷಾಯ.

ಈ ಒರೆಗಲ್ಲನ್ನು ಅಂಗಡಿಯಿಂದ ಮನೆಗೂ ಸಮಾಜಕ್ಕೂ ತರಬೇಕು. ಮದುವೆಯ ಮಾತುಕತೆಯಲ್ಲಿ “ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ” ಎನ್ನುತ್ತಾರೆ. ಕೆಲಸ ಮೂರು ತಿಂಗಳ ಕರಾರಿನದೆಂಬುದನ್ನು ಹೇಳುವುದಿಲ್ಲ. “ಹುಡುಗಿಗೆ ಈಗ ಆರೋಗ್ಯ ಚೆನ್ನಾಗಿದೆ” ಎನ್ನುವಾಗ “ಈಗ” ಎಂಬ ಪದದ ಹಿಂದೆ ಒಂದು ಆಸ್ಪತ್ರೆಯೇ ಅಡಗಿರುತ್ತದೆ. ಇದರ ಸಾಲವನ್ನು ಇಬ್ಬರು ಮಕ್ಕಳು ಆಯುಷ್ಯವಿಡೀ ತೀರಿಸುತ್ತಾರೆ. ಬಸದಿಯ ಲೆಕ್ಕವನ್ನು ಸಭೆಯಲ್ಲಿ ಓದುವಾಗ ಬಂದ ಹಣವನ್ನು ಗಟ್ಟಿಯಾಗಿಯೂ ಉಳಿದ ಬಾಕಿಯನ್ನು “ಇತ್ಯಾದಿ” ಎಂದೂ ಓದುವುದುಂಟು. ಓದಿದ ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಆದರೆ ಕೂಲಿಯ ಹಣದಲ್ಲಿ ಹತ್ತು ರೂಪಾಯಿಯನ್ನು ಭಂಡಾರಕ್ಕೆ ಹಾಕಿದ ತಾಯಿಗೆ ಪೂರ್ಣ ಲೆಕ್ಕವನ್ನು ಕೇಳುವ ಹಕ್ಕಿದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡುವುದು ಜಾಣತನವೆಂದು ಹೊಗಳಿಸಿಕೊಳ್ಳುತ್ತಿದೆ. ಅದು ಎರಡು ಕಡೆಗೂ ಬೆಳಕು ಕೊಟ್ಟಂತೆ ಕಂಡರೂ ಗೋಡೆಯ ಬುಡದಲ್ಲಿ ಎರಡು ಕಡೆಯೂ ಕತ್ತಲೆಯೇ.

ಸತ್ಯವನ್ನು ಪೂರ್ಣವಾಗಿ ಹೇಳಿದರೆ ವ್ಯಾಪಾರವು ಬೆಳೆದೇ ಬೆಳೆಯುತ್ತದೆಂದು ಇಂತಹ ಸಭೆಗಳಲ್ಲಿ ಹೇಳುವುದು ವಾಡಿಕೆ. ಹಾಗೆ ಹೇಳುವುದೂ ಒಂದು ಅರ್ಧಸತ್ಯವೇ. ಮೂಟೆಯ ತಳದ ಜೊಳ್ಳನ್ನು ತೋರಿಸಿದ ವರ್ತಕನ ಸರಕು ಅಂದು ಮಾರಾಟವಾಗದೆ ಉಳಿಯಬಹುದು. ಪಕ್ಕದ ಅಂಗಡಿಯವನು ಅದನ್ನು ಮುಚ್ಚಿಟ್ಟು ಮಾರಿ ಮಾಳಿಗೆ ಕಟ್ಟಿಸಬಹುದು. ಕೊಳ್ಳುವವರ ವಿಶ್ವಾಸವು ಮುಂದೆ ಫಲ ಕೊಡುವುದುಂಟು, ಕೊಡದಿರುವುದೂ ಉಂಟು. ಸತ್ಯಕ್ಕೆ ವ್ರತವೆಂಬ ಹೆಸರು ಬಂದಿರುವುದು ಅದು ಲಾಭಕರವಾದುದರಿಂದಲ್ಲ. ಉಪವಾಸದಲ್ಲಿ ಹಸಿವಾಗುವುದಿಲ್ಲವೆಂದು ಯಾರೂ ಹೇಳುವುದಿಲ್ಲ. ಹಸಿವಾದರೂ ಇರುವುದೇ ಉಪವಾಸ. ನಷ್ಟವಾದರೂ ನುಡಿಯುವುದೇ ಸತ್ಯಾಣುವ್ರತ.

ಇದನ್ನು ಆಚರಣೆಗೆ ತರಲು ಶ್ರಾವಕನು ನಾಲ್ಕು ನಿಯಮಗಳನ್ನು ಕೈಗೊಳ್ಳಬಹುದು. ಕೊಳ್ಳುವವನ ಕಣ್ಣಿಗೆ ಕಾಣದ ದೋಷವನ್ನು ಅವನು ಕೇಳುವುದಕ್ಕೆ ಮೊದಲೇ ಹೇಳುವುದು ಮೊದಲನೆಯದು. ತನಗೆ ತಿಳಿಯದುದನ್ನು ತಿಳಿಯದೆಂದೇ ಹೇಳುವುದು ಎರಡನೆಯದು. ತಾನು ಹೇಳಿದ್ದನ್ನು ಕೇಳಿದವನು ಬೇರೆಯಾಗಿ ತಿಳಿದುಕೊಂಡನೆಂದು ಕಂಡಾಗ, ಹಣ ಎಣಿಸುವ ಮೊದಲೇ ಅದನ್ನು ತಿದ್ದುವುದು ಮೂರನೆಯದು. ಮರೆತು ಕಡಿಮೆ ಕೇಳಿದವನಿಗೆ ಖಾತೆಯ ಪುಟವನ್ನು ತೆರೆದು ತೋರಿಸಿ ಪೂರ್ಣವಾಗಿ ಕೊಡುವುದು ನಾಲ್ಕನೆಯದು. ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ “ಇಂದು ಸುಳ್ಳು ಹೇಳಿದೆನೇ?” ಎಂದು ಕೇಳಿಕೊಂಡರೆ ಹೆಚ್ಚಿನವರಿಗೆ ಇಲ್ಲವೆಂಬ ಉತ್ತರವೇ ಬರುತ್ತದೆ. “ಇಂದು ತನ್ನ ಮಾತನ್ನು ಕೇಳಿ ಹೋದವರಲ್ಲಿ ಯಾರಾದರೂ ಸುಳ್ಳನ್ನು ಹೊತ್ತು ಮನೆಗೆ ಹೋದರೇ?” ಎಂದು ಕೇಳಿಕೊಳ್ಳಬೇಕು. ಆಗ ಉತ್ತರವು ಅಷ್ಟು ಸುಲಭವಾಗಿ ಬಾರದು.

ಪ್ರತಿಷ್ಠೆಗೆ ಬಿಂಬವನ್ನು ಆರಿಸುವಾಗ ಅದು ಅಖಂಡವಾಗಿರಬೇಕು, ಭಿನ್ನವಾಗಿರಬಾರದು ಎಂದು ಎಷ್ಟೊಂದು ಎಚ್ಚರವನ್ನು ವಹಿಸುತ್ತಾರೆ! ಬೆರಳೊಂದು ಮುಕ್ಕಾದ ಶಿಲೆಯನ್ನು ವೇದಿಯ ಮೇಲೆ ಕೂರಿಸಲು ಯಾರೂ ಒಪ್ಪುವುದಿಲ್ಲ. ಅಂತಹ ಅಖಂಡವಾದ ಬಿಂಬದ ಮುಂದೆ ನಿಂತು ಕೈಮುಗಿಯುವವನ ಮಾತೂ ಅಖಂಡವಾಗಿರಲಿ. ಮುಂದೆ ಎಂದಾದರೂ ಆ ವೃದ್ಧಮಾತೆಯು ಜಗಲಿಯ ಮೇಲೆ ಬಂದು ಕುಳಿತು ಎಂಟು ಸಾವಿರವೆಂದು ಕೇಳಿದಾಗ, “ಅಲ್ಲ ತಾಯೀ, ಹನ್ನೆರಡು” ಎಂಬ ಮಾತು ಶ್ರಾವಕನ ಬಾಯಿಂದ ತಡವರಿಸದೆ ಹೊರಡಲಿ. ಆ ದಿನ ಈ ಪ್ರತಿಷ್ಠಾ ಮಹೋತ್ಸವವು ಸಾರ್ಥಕವಾಯಿತೆಂದು ತಿಳಿಯಬಹುದು.

ಜೈನಂ ಜಯತು ಶಾಸನಂ. ಜೈ ಜಿನೇಂದ್ರ.